ಹಿಮ್ಮಡಿಗೆ ಹಾಕಿದ ಹಂದರ

ನನ್ನ ಮೊಮ್ಮಗಳು ಗಾಯಕ್ಕೆ ಹಂದರ ಹಾಕುತ್ತಾಳೆ. ಮೂರನೇ ತರಗತಿಗೆ ಶಾಲೆ ಬಿಟ್ಟ ನಾನು ಇದನ್ನು ಮಸ್ಕಿ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳಿದ್ದೇನೆ. ಆದರೂ ಆ ಮಾತು ಬಂದರೆ ಖುಷಿಗಿಂತ ಮೊದಲು ಮೈ ಉರಿಯುತ್ತದೆ.

ಸಕ್ಕರೆ ಕಾಯಿಲೆಯಿಂದಾದ ಹಿಮ್ಮಡಿಯ ಹುಣ್ಣು ಆರು ತಿಂಗಳಾದರೂ ಮಾಯಲಿಲ್ಲ. ಲಿಂಗಸುಗೂರಿನ ಡಾಕ್ಟರು ಕಾಲು ತೆಗೆಯುವ ಮಾತಾಡಿದರು. ಔಷಧದ ಸಂಶೋಧನೆ ಮಾಡುವ ಮೊಮ್ಮಗಳ ತಂಡ ಗಾಯಕ್ಕೆಂದು ಮಾಡಿದ ಜೆಲ್ಲನ್ನು ಆಗ ಸಿಂಧನೂರಿನ ಆಸ್ಪತ್ರೆಯಲ್ಲಿ ಕೆಲವರಿಗೆ ಹಾಕಿ ನೋಡುತ್ತಿದ್ದರು. ನನಗೂ ಹಾಕಿದರು. ಗಂಜಿಯ ಕೆನೆಯಂತೆ ತೆಳ್ಳಗಿತ್ತು, ತುಸು ಹಳದಿ.

"ಆಯಿ, ಇದು ಮುಲಾಮಲ್ಲ. ಹೀರೇಬಳ್ಳಿಗೆ ಹಂದರ ಹಾಕ್ತೀವಲ್ಲ, ಹಂಗ. ಹೊಸ ಮಾಂಸ ಇದರಾಗ ಹಬ್ಬತೈತಿ, ಆಮ್ಯಾಲ ಹಂದರ ತಾನ ಕರಗತೈತಿ. ಯಾರೂ ಮುಟ್ಟಬಾರದು" ಎಂದಳು ಮೊಮ್ಮಗಳು.

ನಮ್ಮಲ್ಲಿ ರೋಗಿಯನ್ನು ಮಾತಾಡಿಸಲು ಬಂದವರು ಗಾಯವನ್ನು ಕಣ್ಣಾರೆ ನೋಡದಿದ್ದರೆ ಬಂದಂತೆಯೇ ಅಲ್ಲ. ಪಾಮನಕಲ್ಲೂರಿನಿಂದ ಬಂದ ಹಿರಿಯ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ, ಮಧ್ಯಾಹ್ನ ನನಗೆ ಜೊಂಪು ಹತ್ತಿದಾಗ ಪಟ್ಟಿ ಬಿಚ್ಚಿದಳು. ಆ ಕಾಲು ಜೋಮು, ಗೊತ್ತಾಗಲಿಲ್ಲ. ಎಚ್ಚರಾಗುವಷ್ಟರಲ್ಲಿ ಬೇವಿನ ನೀರಿನಿಂದ ಒರೆಸಿ ಮುಗಿಸಿದ್ದಳು.

"ಎಷ್ಟು ಕೀವು ತುಂಬಿತ್ತಬೇ! ನಿನ್ನ ಮೊಮ್ಮಗಳು ಅದನ್ನ ಒರಸದ ಹಂಗ ಪಟ್ಟಿ ಸುತ್ಯಾಳ."

"ಅಕ್ಕಾ, ನಿನ್ನ ಕೈಗಿಷ್ಟು ಬೆಂಕಿ ಹಾಕ! ಅದು ಕೀವಲ್ಲ, ಹಂದರ. ನೀ ಒರಸಿದ್ದು ನನ್ನ ಕಾಲು!"

ಆಸ್ಪತ್ರೆಯ ದೊಡ್ಡ ಡಾಕ್ಟರು ಇನ್ನೂ ಉರಿಸಿದರು. "ಓದಿಲ್ಲದವರಿಗೆ ಇದನ್ನ ಹಾಕಬಾರದು ಅಂತ ಮೊದಲೇ ಹೇಳಿದ್ದೆ" ಎಂದು ನನ್ನೆದುರಿಗೇ ಮೊಮ್ಮಗಳಿಗೆ ಅಂದರು. ನಾನು ಸುಮ್ಮನಿರಲಿಲ್ಲ.

"ಕೀವಿನ ಬಣ್ಣದ್ದು ಮಾಡಿದವರು ಓದಿದವರ ಅಲ್ಲೇನ್ರಿ? ಅದನ್ನ ಕಂಡು ಯಾರು ಒರಸದ ಬಿಟ್ಟಾರು? ಏ ಹುಡುಗಿ, ನೀನೂ ಕೇಳು. ಬ್ಯಾರೆ ಬಣ್ಣ ಹಾಕು ಇದಕ್ಕ."

"ಒಳಗ ಗಾಯ ಕಾಣಬೇಕಲ್ಲ ಆಯಿ, ಡಾಕ್ಟರಿಗೆ."

"ಹಂಗಾರ ಸೀರಿಗೆ ಹಾಕಿದಂಗ ಅಂಚು ಹಾಕು!"

ಅವಳು ನಗಲಿಲ್ಲ, ಬರೆದುಕೊಂಡಳು. ಅಂಚಿನ ಜೆಲ್ಲಿಗೆ ಪರೀಕ್ಷೆ, ಒಪ್ಪಿಗೆ ಎಂದು ತಿಂಗಳುಗಳು ಹೋದವು; ಅಲ್ಲಿಯವರೆಗೆ ಹಳೆಯದನ್ನು ನನಗೆ ಮತ್ತೆ ಹಾಕಲಿಲ್ಲ. ಹುಣ್ಣು ಇನ್ನೂ ಆಳಕ್ಕಿಳಿಯಿತು. ನೆಗೆಣ್ಣಿಯನ್ನು ಬೈಯದೆ ನಾನು ಒಂದು ತುತ್ತು ಉಂಡಿಲ್ಲ. ಕಡೆಗೆ ಸುತ್ತಲೂ ನೀಲಿ ಅಂಚಿದ್ದ ಹಂದರ ಬಂತು.

ಕೆಲವು ವಾರಗಳ ಮೇಲೆ ಪಟ್ಟಿ ಬಿಚ್ಚಿದಾಗ ಕರುವಿನ ನಾಲಿಗೆಯಂಥ ಮಾಂಸ ತುಂಬಿತ್ತು, ಸುತ್ತ ಎಳೆ ತೊಗಲು. ಕಾಲು ಉಳಿಯಿತು. ದೊಡ್ಡ ಡಾಕ್ಟರು ನೋಡುತ್ತಿದ್ದಂತೆಯೇ ಮೊಮ್ಮಗಳ ಕೆನ್ನೆ ಸವರಿ, ದೃಷ್ಟಿ ತಾಗದಿರಲೆಂದು ಲಟಿಕೆ ಮುರಿದೆ.

ಸುದ್ದಿ ಕೇಳಿ ನೆಗೆಣ್ಣಿ ಮತ್ತೆ ಬಂದಳು. "ತೋರಸಬೇ, ನೋಡ್ತೀನಿ."

"ಎಷ್ಟು ಬೇಕೋ ಅಷ್ಟು ನೋಡು ಅಕ್ಕಾ. ಮೊದಲು ಕೈ ಹಿಂದ ಕಟ್ಟಿಕೋ" ಎಂದೆ.

ಕಟ್ಟಿಕೊಂಡಳು. ಆಮೇಲೆಯೇ ಕಾಲು ಚಾಚಿದೆ.