ಹನ್ನೆರಡನೆಯ ಚೌಕ

ಗುಂಡಿ ಹೊಲಿಯುವಾಕೆ ಫೋಟೋದಣ್ಣನ ಅಂಗಡಿಗೆ ಮೊದಲ ಸಲ ಹೋದದ್ದು ಜಗಳಕ್ಕೆಂದೇ. ತೀರಿಹೋದ ಗಂಡನ ಹಳೆಯ ನೆಗೆಟಿವ್ ಒಂದನ್ನು ಪಕ್ಕದ ಮನೆಯವರ ಕೈಯಲ್ಲಿ ಕೊಟ್ಟು ಕಳಿಸಿದ್ದಳು. ಬಂದ ಫೋಟೋದಲ್ಲಿ ಹಣೆಯಿಂದ ಗಲ್ಲದವರೆಗೆ ಕೂದಲೆಳೆಯಂಥ ಗೆರೆ.

“ನಮ್ಮವರ ಮುಖದಲ್ಲಿ ಇದು ಇರಲಿಲ್ಲ.”

“ಫಿಲ್ಮೇ ಗೀರಿದೆ ಅಮ್ಮಾ. ಪೆಟ್ಟಿಗೆಯಲ್ಲಿ ಹೇಗೆ ತುರುಕಿದ್ರೋ ಏನೋ.”

ಆಕೆ ಮೂರನೇ ತರಗತಿಗೇ ಶಾಲೆ ಬಿಟ್ಟವಳು. ಆದರೆ ನಲವತ್ತು ವರ್ಷ ಅಂಗಿಗಳಿಗೆ ಗುಂಡಿಗಳನ್ನು ಒಂದೇ ಸಾಲಿನಲ್ಲಿ ಕೂರಿಸಿದ ಕಣ್ಣು ಅದು. ಮೇಜಿನ ಮೇಲಿದ್ದ ಬೇರೆಯವರ ಫೋಟೋಗಳ ಮೇಲೆ ಬೆರಳಿಟ್ಟಳು. “ಈ ಮಗುವಿನ ಕೆನ್ನೆ ಮೇಲೂ ಇದೆ. ಈ ಮದುಮಗನ ಕಿವಿ ಮೇಲೂ ಇದೆ. ಎಲ್ಲರದ್ದೂ ನಾನೇ ಗೀರಿದೆನಾ?”

ಫೋಟೋದಣ್ಣ ಚಿತ್ರಗಳನ್ನು ಒಂದೊಂದಾಗಿ ಎತ್ತಿ, ಕೋಳಿಯ ಹಾಗೆ ತಲೆ ಓರೆ ಮಾಡಿ ನೋಡಿದರು. ಮುಖ ಇಳಿದುಹೋಯಿತು. ಸ್ಕ್ಯಾನರಿನ ಮುಚ್ಚಳ ತೆರೆದು ಗಾಜಿನ ಮೇಲ್ತುದಿ ಒರೆಸಿದರು. ಯಂತ್ರ ಮೊದಲು ಬೆಳಕನ್ನು ಅಳೆದುಕೊಳ್ಳುವ ಜಾಗ ಅದು. ಅಲ್ಲೊಂದು ಧೂಳಿನ ಕಣ ಕೂತರೆ ಚಿತ್ರದ ಉದ್ದಕ್ಕೂ ಗೆರೆ. ಎರಡನೇ ಸಲ ಬಂದ ಗಂಡನ ಮುಖ ತೊಳೆದಿಟ್ಟ ಹಾಗಿತ್ತು.

“ವಾರದಿಂದ ಎಲ್ಲರಿಗೂ ಗೆರೆ ಹಂಚಿದ್ದೀನಿ,” ಅಂದರು. “ಕಣ್ಣಿನ ನಡುಭಾಗ ಹೋಗ್ತಾ ಇದೆ ತಂಗಿ. ಅಂಚಷ್ಟೇ ಉಳಿಯೋದು ಅಂತಾರೆ ಡಾಕ್ಟರು. ಯಾರಿಗೂ ಹೇಳ್ಬೇಡ. ದಿನಾ ಮಧ್ಯಾಹ್ನ ಒಂದು ಗಂಟೆ ಹೊತ್ತು ಬಂದು, ಫೋಟೋ ನೋಡಿ ಹೇಳ್ತೀಯಾ? ನಡು ಪೂರ್ತಿ ಹೋಗೋದರೊಳಗೆ ಒಂದು ಮುಖ ನೋಡ್ಬೇಕು ನಾನು.”

“ಯಾರದು?”

“ನನ್ನ ಹೆಂಡತಿದು.”

ಯಮ ಬಂದು ನಿಂತರೂ ‘ಗಲ್ಲ ಸ್ವಲ್ಪ ಮೇಲೆತ್ತಿ’ ಅನ್ನುವ ಮನುಷ್ಯ ಎಂದು ಬೀದಿಯವರೆಲ್ಲ ನಗುತ್ತಿದ್ದರು. ಹೆಂಡತಿಗೂ ಹಾಗೇ ಅಂದಿದ್ದರಂತೆ. ಫಿಲ್ಮ್ ರೋಲಿನಲ್ಲಿ ಹನ್ನೆರಡು ಚೌಕ, ಚೌಕಕ್ಕೊಂದು ಫೋಟೋ. ಹನ್ನೊಂದು ಗಿರಾಕಿಗಳದ್ದಾಗಿ ಒಂದು ಉಳಿದಿತ್ತು. ಸುಮ್ಮನೆ ಹಾಳಾಗುವುದು ಬೇಡವೆಂದು ಒಲೆಯ ಮುಂದಿದ್ದವಳನ್ನು ಕರೆದು ನಿಲ್ಲಿಸಿದರು. ಎದೆಯ ಮಟ್ಟಕ್ಕೆ ಹಿಡಿಯುವ ಕ್ಯಾಮರಾ. ಆಕೆ ಗಂಡನ ಮುಖ ನೋಡಿದಳು. “ನನ್ನನ್ನಲ್ಲ, ಕೆಳಗೆ, ಲೆನ್ಸ್ ನೋಡು!” ಎಂದು ಗದರಿದರು. ಆಮೇಲೆ ಗುಂಡಿ ಒತ್ತಿದರು. ಒತ್ತುವಾಗ ಅವರ ಗಮನ ಗೋಡೆಯ ನೆರಳಿನ ಮೇಲಿತ್ತು, ಅವಳ ಮೇಲಲ್ಲ. ನಾಲ್ಕನೇ ದಿನ ಅವಳು ತೀರಿಕೊಂಡಳು. ಫಿಲ್ಮ್ ತೊಳೆದು ಲಕೋಟೆಗೆ ಹಾಕಿದವರು ಮತ್ತೆ ತೆಗೆದಿರಲಿಲ್ಲ.

“ಮಾತು ಕೇಳಿದಳೋ, ಇಲ್ಲ ನನ್ನನ್ನೇ ನೋಡಿದಳೋ, ಅಷ್ಟು ಗೊತ್ತಾಗ್ಬೇಕು.”

ಕೆಲಸ ಸುಲಭವಾಗಿರಲಿಲ್ಲ. ವರ್ಷಗಟ್ಟಲೆ ಸುರುಳಿ ಸುತ್ತಿಕೊಂಡ ಫಿಲ್ಮ್ ಗಾಜಿಗೆ ತಾಗಿ, ನೀರಿನ ಮೇಲೆ ಎಣ್ಣೆ ಬಿದ್ದಂತೆ ಬಳೆ ಬಳೆಯಾಗಿ ಗುರುತು ಬಂತು, ಸರಿಯಾಗಿ ಮುಖದ ಮೇಲೆ. ಕಾಗದದ ನಡುವೆ ಇಟ್ಟು, ಮೇಲೆ ತಣ್ಣಗಿನ ಇಸ್ತ್ರಿ ಪೆಟ್ಟಿಗೆ ಹೇರಿ ಹತ್ತು ದಿನ ಬಿಟ್ಟರು. ಫಿಲ್ಮಿನ ಹೊಳೆಯುವ ಮೈ ಕೆಳಗಿದ್ದದ್ದನ್ನು ತಿರುವಿ ಮಂಕು ಮೈ ಕೆಳಗೆ ಹಾಕಿದರು. ಎಡ ಬಲವಾಗಿ ಬಂದದ್ದನ್ನು ಕಂಪ್ಯೂಟರಿನಲ್ಲಿ ಸರಿಮಾಡಿದರು. ಬಳೆಗಳು ಹೋದವು, ಆದರೆ ಚಿತ್ರ ಮಸುಕು.

“ಗಾಜಿನಿಂದ ಫಿಲ್ಮಿಗೆ ಎತ್ತರ ಸಾಲದು,” ಎಂದರು ಫೋಟೋದಣ್ಣ. ಆಕೆ ಗುಂಡಿಗಳು ಬರುವ ರಟ್ಟನ್ನು ಕತ್ತರಿಸಿ, ಫಿಲ್ಮ್ ಹಿಡಿಯುವ ಚೌಕಟ್ಟಿನ ನಾಲ್ಕು ಮೂಲೆಯ ಅಡಿಗೂ ಕೊಟ್ಟಳು. ಒಂದು ಪದರಕ್ಕೆ ಮಸುಕು, ಮೂರಕ್ಕೆ ಮತ್ತೆ ಮಸುಕು, ಎರಡಕ್ಕೆ ಸೆರಗಿನ ಎಳೆ ಎಣಿಸಬಹುದಿತ್ತು. ಧೂಳನ್ನು ತಾನೇ ಅಳಿಸುವ ಸೌಕರ್ಯ ಯಂತ್ರದಲ್ಲಿತ್ತು. ಹಚ್ಚಿ ನೋಡಿದರೆ, ಫಿಲ್ಮ್ ಕಪ್ಪು-ಬಿಳುಪಿನದ್ದಾದ್ದರಿಂದ, ಅದು ಕಣ್ಣುಗಳನ್ನೂ ಧೂಳೆಂದುಕೊಂಡು ಕಲೆಸಿಹಾಕಿತು.

“ಅಯ್ಯೋ, ನಿಲ್ಸಿ ಅಣ್ಣಾ!” ಎಂದು ಕೂಗಿಕೊಂಡಳು. ಮೆತ್ತನೆಯ ಕುಂಚ ಹಿಡಿದು ಕಣ ಕಣವಾಗಿ ತಾನೇ ತೆಗೆದಳು. ಅದಕ್ಕೇ ಹದಿನೈದು ದಿನ ಹಿಡಿಯಿತು.

ಚಿತ್ರ ಚೊಕ್ಕವಾಗಿ ಬಂದ ದಿನ ಫೋಟೋದಣ್ಣ ಪರದೆಗೆ ಮೂಗು ತಾಗಿಸಿದರು. ತಲೆ ಓರೆ ಮಾಡಿದರು, ಹಿಂದೆ ಸರಿದರು, ಮತ್ತೆ ಮುಂದೆ ಬಂದರು.

“ಗೋಡೆ ಕಾಣುತ್ತೆ. ಜಡೆ ಕಾಣುತ್ತೆ.” ಕುರ್ಚಿಗೆ ಒರಗಿದರು. “ನೀನೇ ಹೇಳು. ಕಣ್ಣು ಎಲ್ಲಿದೆ?”

ಸುಳ್ಳು ಹೇಳಿದ್ದರೆ ಅವರಿಗೆ ಗೊತ್ತಾಗುತ್ತಿರಲಿಲ್ಲ. ಆಕೆಯ ನಾಲಿಗೆ ತುದಿಗೂ ಬಂತು. ಆದರೆ ಈ ಮನುಷ್ಯ ತನ್ನನ್ನು ನಂಬಿದ್ದೇ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾಳೆಂದು.

“ಕೆಳಗಿದೆ ಅಣ್ಣಾ. ಲೆನ್ಸ್ ನೋಡ್ತಿದ್ದಾರೆ. ನೀವು ಹೇಳಿದ ಹಾಗೇ.”

ಅವರು ತಲೆ ಆಡಿಸಿದರು. ಕೈ ಚಾಚಿ ಪರದೆಯನ್ನು ಸವರಿದರು. ಬೆರಳು ಮುಖದ ಮೇಲೆ ಬೀಳದೆ ಗೋಡೆಯ ಮೇಲೆ ಬಿತ್ತು. ಆಕೆ ಬೆರಳು ಹಿಡಿದು ಸರಿಯಾದ ಜಾಗಕ್ಕೆ ತಂದಿಟ್ಟಳು.

ಮರುವಾರ ಅವರನ್ನು ಆಸ್ಪತ್ರೆಗೆ ಸೇರಿಸಿದರು, ಅಲ್ಲಿಂದ ಅವರು ತಿರುಗಿ ಬರಲಿಲ್ಲ. ಹಾಗಾಗಿ ಆ ಚಿತ್ರ ನೋಡಿದ ದಿನ ಆಕೆ ಚಪ್ಪಲಿ ಮೆಟ್ಟುತ್ತಿದ್ದಾಗ, ಅವರು ಕೂತಲ್ಲಿಂದಲೇ ಕೇಳಿದ್ದೇ ಕೊನೆಯ ಮಾತಾಯಿತು.

“ತಂಗಿ, ನೀನಾಗಿದ್ರೆ ಎಲ್ಲಿ ನೋಡ್ತಿದ್ದೆ?”