ತಪಾಸಣೆ ಸಾಹೇಬರು

ಒಂದು ಕಾಲಕ್ಕೆ ಪಂಡಿತರು ಕಡಲಾಚೆಯಿಂದ ಗಿಡ ತರಿಸಿ ಸಾಕಿದ್ದ ಆ ಸಸ್ಯೋದ್ಯಾನ ಈಗ ಊರವರೆಲ್ಲ ಕಾಲಾಡಿಸುವ ಪಾರ್ಕು. ಅಲ್ಲಿಗೆ ದಿನಾ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು, ಕಂಕುಳಲ್ಲಿ ಫೈಲು ಸಿಕ್ಕಿಸಿಕೊಂಡು ಬರುವ ನಿವೃತ್ತ ಅಧಿಕಾರಿಗೆ ಮಾಲಿ ಹೆಂಗಸು ಇಟ್ಟ ಹೆಸರು ತಪಾಸಣೆ ಸಾಹೇಬರು. ಯಾರೂ ಕೇಳದಿದ್ದರೂ ಅಪ್ಪಣೆ ಕೊಡುವುದು ಅವರ ಹುಟ್ಟುಗುಣ. ಬೆಂಚಿನ ಮೇಲೆ ಜೋಡಿ ಕೂತಿದ್ದರೆ ಸಾಹೇಬರಿಗೆ ತಕ್ಷಣ ಕೆಮ್ಮು ಬರುತ್ತಿತ್ತು. ಗಿಡಮರದ ಜ್ಞಾನವಂತೂ ದೊಡ್ಡ ಸೊನ್ನೆ. ಎಲೆ ಉದುರಿಸಿ ನಿಂತಿದ್ದ ನೂರು ವರ್ಷದ ಮರವನ್ನು ನೋಡಿ, "ಸತ್ತಿದೆ, ಕಡಿಸಿ" ಎಂದಿದ್ದರು. ಎರಡೇ ವಾರಕ್ಕೆ ಅದು ಮೈತುಂಬ ಹೂ ಬಿಟ್ಟಾಗ, "ನೋಡಿದ್ಯಾ, ನಾನು ಗದರಿಸಿದ್ದಕ್ಕೆ ಬಿಡ್ತು" ಎಂದು ಬೀಗಿದರು. "ಏನಮ್ಮಾ, ಹುಲ್ಲು ಯಾಕೆ ಒಂದೇ ಸಮ ಬೆಳೀತಿಲ್ಲ?" ಎಂದು ಗದರಿದರೆ ಮಾಲಿ ಹೆಂಗಸು, "ಅದಕ್ಕೂ ಒಂದು ಮಾತು ಹೇಳಿ ನೋಡ್ತೀನಿ ಸಾಹೇಬ್ರೆ" ಎಂದು ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದಳು. ಒಂದು ದಿನ ಅವರು ಗಾಜಿನ ಮನೆಯ ಮೆಟ್ಟಿಲಲ್ಲಿ ಜಾರಿ ಬಿದ್ದರು. ಕಾಲು ಉಳುಕಿ ಏಳಲಾಗಲಿಲ್ಲ. ಬೇಡ ಬೇಡವೆಂದರೂ ಕೇಳದೆ ಅವಳು ಅವರದೇ ಫೋನಿನಿಂದ ಮನೆಗೆ ಕರೆ ಮಾಡಿದಳು. ಎತ್ತಿದ್ದು ಸೊಸೆ. "ಪಾರ್ಕಲ್ಲಿ ನಿಮ್ಮ ಮಾವನೋರು ಬಿದ್ದಿದ್ದಾರಮ್ಮಾ" ಎಂದಾಗ ಸೊಸೆ ಗಾಬರಿಯಾಗಿ, "ಅಯ್ಯೋ, ಕೆಲಸದ ಹೊತ್ತಲ್ಲಾ? ನೀವು ಪಾರ್ಕಿನ ಆಫೀಸಿನವರಾ? ಅವರನ್ನ ಸಲಹೆಗಾರರು ಅಂತ ತಗೊಂಡಿದ್ದೀರಲ್ಲ, ಎರಡು ವರ್ಷದಿಂದ?" ಎಂದಳು. ಮಾಲಿ ಹೆಂಗಸು ಸಾಹೇಬರತ್ತ ನೋಡಿದಳು. ಅವರು ತಲೆ ತಗ್ಗಿಸಿ ಹುಲ್ಲು ನೋಡುತ್ತಿದ್ದರು. "ಹೌದು ಕಣಮ್ಮಾ, ಡ್ಯೂಟಿ ಮೇಲಿದ್ದಾಗ್ಲೇ ಬಿದ್ರು" ಎಂದಳು ಅವಳು. "ಬೇಗ ಯಾರನ್ನಾದ್ರೂ ಕಳ್ಸಿ. ಅವರಿಲ್ದೆ ಇಲ್ಲಿ ಒಂದು ಎಲೆನೂ ಅಲ್ಲಾಡಲ್ಲ."