ಕೊನೆಯ ಜಿಪ್ಪು ಎಳೆದರೆ ತಾತ ಅಳುತ್ತಾರೆ

"ಈಗ ಹೊತ್ಕೊಂಡು ಬರ್ತಾನೆ ನೋಡಿ. ಮಾನ ಬೀದಿಪಾಲಾದ್ಮೇಲೆ ಅಪ್ಪನ ನೆನಪಾಗಿದೆ ಸಾಹೇಬ್ರಿಗೆ."

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಸ್ ನಿಲ್ದಾಣದ ಕಟ್ಟೆಯ ಮೇಲೆ ಪೇಪರ್ ಜೋಡಿಸುತ್ತಿರುವವನು ಇದನ್ನು ಪಿಸುಗುಟ್ಟುವುದಿಲ್ಲ, ಬಸ್ಸಿಗೆ ಕಾದವರೆಲ್ಲ ಕೇಳಲಿ ಎಂದೇ ಹೇಳುತ್ತಾನೆ. ನಾಲ್ಕಾರು ತಲೆಗಳು ತಿರುಗುತ್ತವೆ. ಹೊಲಿಗೆ ಯಂತ್ರದ ಕಬ್ಬಿಣದ ತಲೆಯನ್ನು ಹೆಗಲ ಮೇಲಿಟ್ಟುಕೊಂಡು ಬಂದ ಮಗ ಯಾರ ಮುಖವನ್ನೂ ನೋಡುವುದಿಲ್ಲ. ಕಾಲೇಜಿನ ಗೇಟಿನೆದುರು ಗೋಡೆಗೆ ಸರಪಳಿ ಹಾಕಿ ಕಟ್ಟಿದ ಸ್ಟ್ಯಾಂಡಿನ ಮೇಲೆ ಅದನ್ನು ಕೂರಿಸುತ್ತಾನೆ. ಬೆಲ್ಟು ಎಳೆದು ನೋಡುತ್ತಾನೆ, ತೊಟ್ಟು ಎಣ್ಣೆ ಬಿಡುತ್ತಾನೆ, ಬ್ರೆಡ್ ಕಾರ್ಖಾನೆಯ ಬೆಳಗಿನ ಪಾಳಿಗೆ ಹೊರಡುತ್ತಾನೆ. ಅಪ್ಪನ ಜತೆ ಒಂದು ಮಾತಿಲ್ಲ.

ಅಪ್ಪ ಡಬ್ಬಿಯೊಳಗೆ ತಲೆ ಹುದುಗಿಸಿ ಏನನ್ನೋ ಹುಡುಕುತ್ತಿದ್ದಾರೆ. ನಿಜ ಹೇಳಬೇಕೆಂದರೆ ಏನನ್ನೂ ಹುಡುಕುತ್ತಿಲ್ಲ. ಮಗ ಯಂತ್ರ ಹೊರುತ್ತಿರುವುದು ಇವತ್ತು ನಿನ್ನೆಯಿಂದಲ್ಲ, ಅವನಿಗೆ ಮೀಸೆ ಮೂಡಿದಾಗಿನಿಂದ. ಅಷ್ಟು ಹೇಳಿದ್ದರೆ ಪೇಪರಿನವನ ಬಾಯಿ ಮುಚ್ಚುತ್ತಿತ್ತು. ಹೇಳುವುದಿಲ್ಲ. "ಹೇಳೋಕೆ ನಂಗೆ ಯಾವ ಮುಖ ಇದೆ? ಬೆಂಕಿ ಇಟ್ಟವನೇ ನಾನು" ಎನ್ನುತ್ತಾರೆ ಆಮೇಲೆ, ದಾರಕ್ಕೆ ಮೇಣ ತಿಕ್ಕುತ್ತ.

ಕಾಲೇಜಿನ ಹುಡುಗರಿಗೆ ಅವರು ಜಿಪ್ ತಾತ. ಕೆಟ್ಟುಹೋದ ಜಿಪ್ಪು ಬದಲಿಸುವುದು, ಹರಿದ ಬ್ಯಾಗಿನ ಪಟ್ಟಿ ಹೊಲಿಯುವುದು ಅವರ ಕೆಲಸ. ಸೂಟ್‌ಕೇಸ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಅದು ಬಾಗಿಲು ಹಾಕಿದಾಗ ಇಲ್ಲಿ ಬಂದು ಕೂತರು. ಬಿಸಿಲು ಹೆಚ್ಚಾದರೆ ನೆರಳಿನ ಜತೆ ಸ್ಟೂಲು ಸರಿಸುತ್ತಾರೆ. ದಿನಕ್ಕೆ ಹತ್ತಿಪ್ಪತ್ತು ಬ್ಯಾಗು ಕೈದಾಟಿ ಹೋಗುತ್ತವೆ, ಕಾಲೇಜಿಗೆ ರಜೆಯಿದ್ದರೆ ಎರಡು ಬಂದರೂ ಪುಣ್ಯ. ಎಡಗೈ ಹೆಬ್ಬೆರಳು ಸೂಜಿ ಚುಚ್ಚಿ ಚುಚ್ಚಿ ಮರಗಟ್ಟಿದೆ. ಎದುರಿನ ಕಾಲೇಜು ಡಿಜಿಟಲ್ ಮಾಧ್ಯಮ ಕಲಿಸುತ್ತದೆ. ಅಲ್ಲಿಯ ಪ್ರತಿ ಕ್ಯಾಮೆರಾ ಬ್ಯಾಗೂ ಒಮ್ಮೆಯಾದರೂ ಇವರ ತೊಡೆಯ ಮೇಲೆ ಮಲಗಿ ಎದ್ದಿದೆ.

ಕೊನೆಯ ವರ್ಷದ ಮಕ್ಕಳು ಥೀಸಿಸ್ ಪ್ರಾಜೆಕ್ಟ್ ಮಾಡಬೇಕು. ಅದು ಮಾರ್ಕಿಗೆ ಮಾತ್ರವಲ್ಲ. ಕೆಲಸ ಕೇಳಲು ಹೋದಾಗ ತೋರಿಸುವ ಪೋರ್ಟ್‌ಫೋಲಿಯೊ ಎಂಬ ಅಂಗಡಿಯಲ್ಲಿ ಅದೇ ಮುಂದಿನ ಸಾಲಿನ ಸರಕು. ಸರಕಿಗೆ ಬಡವನ ಮುಖ ಬೇಕು. ದೂರ ಹೋಗುವುದು ಯಾಕೆ, ಗೇಟಿನೆದುರೇ ಒಂದಿದೆ. ಹೀಗೆ ಬ್ಯಾಚಿಗೊಬ್ಬರಂತೆ ಬಂದು ತಾತನ ಕೈ, ಸುಕ್ಕು, ಕನ್ನಡಕ ಎಲ್ಲವನ್ನೂ ಚಿತ್ರೀಕರಿಸಿಕೊಂಡು ಹೋದರು. ಅದರಿಂದ ಯಾರಿಗೂ ಏನೂ ಆಗಲಿಲ್ಲ. ಆಮೇಲೆ ಗುಂಗುರು ಬಂದ.

ಗುಂಗುರು ಎಂಬುದು ತಾತನೇ ಇಟ್ಟ ಹೆಸರು, ಅವನ ಕೂದಲು ನೋಡಿ. ಒಳ್ಳೆಯ ಹುಡುಗ, ಈಗಲೂ ತಾತ ಹಾಗೆಯೇ ಹೇಳುತ್ತಾರೆ. ಅವನದು ಬರೀ ಸಿನಿಮಾ ಅಲ್ಲ, ಇಂಟರ್‌ನೆಟ್ಟಿನ ಒಂದು ಪುಟ. ಪುಟದ ತುಂಬ ಜಿಪ್ಪುಗಳ ಚಿತ್ರ. ಒಂದೊಂದನ್ನೂ ಬೆರಳಿನಿಂದ ಎಳೆದರೆ ತೆರೆದುಕೊಂಡು ಒಳಗಿನಿಂದ ತಾತನ ಬದುಕಿನ ಒಂದೊಂದು ತುಣುಕು ಹೊರಬರುತ್ತದೆ. ಚೆನ್ನಾಗಿತ್ತಂತೆ. ಥೀಸಿಸ್ ನೋಡುವ ಮೇಷ್ಟ್ರಿಗೆ ಮಾತ್ರ ಸಾಲಲಿಲ್ಲ. ಕಾರ್ಖಾನೆ ಮುಚ್ಚಿದ್ದು, ಬಿಸಿಲು, ಬೆರಳು ಎಲ್ಲ ಹಳಸಲು, ನೋಡುವವನ ಎದೆ ಹಿಂಡುವಂಥದ್ದು ಒಂದಾದರೂ ಬೇಕು ಎಂದು ಎರಡು ಸಲ ವಾಪಸ್ ಕಳಿಸಿದರು. ಇದ್ದ ಕಷ್ಟ ಅವರಿಗೆ ಹಿಡಿಸಲಿಲ್ಲ. ಇಲ್ಲದ ಕಷ್ಟ ಬೇಕಾಯಿತು.

ಹುಡುಗ ಸ್ಟೂಲಿನ ಪಕ್ಕ ಕೂತು ಕಣ್ಣೀರು ಹಾಕಿದ. ಮನೆಯಲ್ಲಿ ಯಾರಾದರೂ ಸರಿಯಾಗಿ ನೋಡಿಕೊಳ್ಳುವುದಿಲ್ಲವೇ ಎಂದು ಗುಂಗುರು ಮೆಲ್ಲಗೆ ಕೇಳಿದ. ಹಾಗೇನಾದರೂ ಇದ್ದರೆ, ಎಂದ. ಇಲ್ಲದಿದ್ದರೂ ಪರವಾಗಿಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಲಿಲ್ಲ.

ತಾತ ಕ್ಯಾಮೆರಾ ನೋಡಿ ಹೇಳಿಯೇಬಿಟ್ಟರು: "ಮಗ ಇದ್ದಾನೆ. ಇದ್ದೂ ಇಲ್ಲ. ಒಂದು ತುತ್ತು ಊಟ ಹಾಕಲ್ಲ." ಹೇಳುತ್ತಲೇ ಅಳು ಉಕ್ಕಿತು.

ಹುಡುಗನ ಮೇಲಿನ ಕನಿಕರಕ್ಕೆ ಹೇಳಿದ್ದು ಎಂದುಬಿಟ್ಟಿದ್ದರೆ ನಾವೆಲ್ಲ ನಂಬುತ್ತಿದ್ದೆವು. ತಾತ ಅಷ್ಟಕ್ಕೆ ತಮ್ಮನ್ನು ಬಿಡುವುದಿಲ್ಲ. ಹಿಂದಿನ ದಿನ ಮನೆಯಲ್ಲಿ ಸಣ್ಣ ಜಟಾಪಟಿ ಆಗಿತ್ತು. ಫುಟ್‌ಪಾತಿನಲ್ಲಿ ಕೂತಿದ್ದು ಸಾಕು, ಮನೆಯಲ್ಲಿರು ಎಂದು ಮಗ ಹೇಳಿದ್ದ. ನಾನೇನು ಮೂಲೇಲಿ ಒರಗಿಸೋ ಛತ್ರಿಯಾ ಎಂದು ತಾತ ತಟ್ಟೆ ಸರಿಸಿ ಎದ್ದಿದ್ದರು. ಆ ಸಿಟ್ಟು ಹೊಟ್ಟೆಯಲ್ಲಿತ್ತು. "ಸುಳ್ಳು ಹೇಳುವಾಗ ಒಂಚೂರು ಹಾಯಾಗಿತ್ತು, ಕಣಪ್ಪ. ಯಾರೋ ನನ್ನ ಕಡೆ ಇದ್ದಾರೆ ಅನ್ನಿಸ್ತು. ಅದನ್ನ ನೆನೆಸ್ಕೊಂಡ್ರೆ ಈಗ ಮೈಮೇಲೆ ಹುಳ ಹರಿದಂಗಾಗುತ್ತೆ."

ಪುಟಕ್ಕೆ ಬಹುಮಾನ ಬಂತು. ಜಾಹೀರಾತು ಕಂಪನಿಯೊಂದು ಗುಂಗುರುವನ್ನು ಕರೆದು ಕೆಲಸ ಕೊಟ್ಟಿತು. ಅವನ ಪೋರ್ಟ್‌ಫೋಲಿಯೊ ತೆರೆದರೆ ಇವತ್ತಿಗೂ ಮೊದಲು ಕಾಣುವುದು ಅದೇ. ಕೊನೆಯ ಜಿಪ್ಪು ಎಳೆದರೆ ತಾತ ಅಳುತ್ತಾರೆ. ಮುಚ್ಚಿ ಮತ್ತೆ ಎಳೆದರೆ ಮತ್ತೆ ಅಳುತ್ತಾರೆ. ಆ ತುಣುಕು ಮೊಬೈಲಿನಿಂದ ಮೊಬೈಲಿಗೆ ಹಾರಿ ಬ್ರೆಡ್ ಕಾರ್ಖಾನೆಗೂ ಹೋಯಿತು. ಪಾಳಿ ಮುಗಿದು ಸಾಲಾಗಿ ಹೊರಬರುವಾಗ ಮೇಸ್ತ್ರಿ ಮಗನ ಕೈಗೆ ಒಂದು ಬ್ರೆಡ್ ಪೊಟ್ಟಣ ತುರುಕಿದನಂತೆ. "ಮನೆಗೆ ತಗೊಂಡು ಹೋಗಪ್ಪ, ಮುದುಕ ಹಸ್ಕೊಂಡು ಕೂತಿರ್ತಾನೆ." ಸಾಲಿಗೆ ಸಾಲೇ ನಕ್ಕಿತು.

ಮಗ ಆ ಪೊಟ್ಟಣವನ್ನು ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟ. ಬೈಯಲಿಲ್ಲ, ಕೂಗಾಡಲಿಲ್ಲ. ಅಂದಿನಿಂದ ಅಪ್ಪನ ಜತೆ ಮಾತು ನಿಂತಿದೆ. ಯಂತ್ರ ಹೊರುವುದು ನಿಂತಿಲ್ಲ. ಊಟವೂ ನಿಂತಿಲ್ಲ, ಬಿಸಿಬಿಸಿಯಾಗಿಯೇ ಬರುತ್ತದೆ. ಬಾಯಿ ತೆರೆದದ್ದು ಸೊಸೆ ಒಬ್ಬಳೇ: "ಮಾವ, ನಿಮಗೆ ಬಡಿಸಿದ್ದು ನಾನು, ತಟ್ಟೆ ತೊಳೆದಿದ್ದೂ ನಾನು. ಊರ ಬಾಯಿಗೆ ಸಿಕ್ಕಿದ್ದು ಮಾತ್ರ ಅವರು. ನನ್ನಾದ್ರೂ ಒಂದು ಮಾತು ನೆನೆಸ್ಕೋಬಾರದಿತ್ತಾ?"

ಅದನ್ನು ತೆಗೆದುಬಿಡು ಮರಿ ಎಂದು ಗುಂಗುರುವಿಗೆ ಫೋನ್ ಮಾಡಿದರು. ಅವನು ನಯವಾಗಿಯೇ ಮಾತಾಡಿದ. ಅದು ನಿಮ್ಮ ಮಗನ ಬಗ್ಗೆ ಅಲ್ಲ ತಾತ, ಸಮಾಜದ ಬಗ್ಗೆ, ಎಂದ. ಈಗ ತೆಗೆದರೆ ಸುಳ್ಳು ತೋರಿಸಿ ಬಹುಮಾನ ಹೊಡೆದ ಎನ್ನುತ್ತಾರೆ, ಕೆಲಸಕ್ಕೇ ಕುತ್ತು, ಎಂದ. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ. ಸಮಾಜಕ್ಕೇನು, ಅದಕ್ಕೆ ಪಾಳಿ ಇಲ್ಲ, ಮೇಸ್ತ್ರಿ ಇಲ್ಲ.

ಕಳೆದ ವಾರ ಕಾಲೇಜಿನಲ್ಲಿ ಪ್ರದರ್ಶನ. ಥೀಸಿಸ್ ಹೇಗಿರಬೇಕು ಎಂದು ಈ ವರ್ಷದವರಿಗೆ ತೋರಿಸಲು ಗುಂಗುರುವನ್ನೇ ಅತಿಥಿಯಾಗಿ ಕರೆಸಿದ್ದಾರೆ ಎಂದು ಗೇಟಿನ ಕಾವಲುಗಾರ ಹೇಳಿದ. ತಾತ ಕೆಲಸ ಅಲ್ಲಿಗೇ ಬಿಟ್ಟು ಎದ್ದರು. ಇಷ್ಟು ಕಾಲ ಎದುರಿಗೇ ಕೂತಿದ್ದರೂ ಗೇಟು ದಾಟಿದ್ದು ಅದೇ ಮೊದಲು. ತಣ್ಣನೆಯ ದೊಡ್ಡ ಸಭಾಂಗಣ, ಮೆತ್ತನೆಯ ಕುರ್ಚಿಗಳು. ಎಣ್ಣೆ ಅಂಟಿದ ಪ್ಯಾಂಟಿಗೆ ಹೆದರಿ ಅವರು ಕೂರದೆ ಹಿಂದಿನ ಗೋಡೆಗೆ ಒರಗಿ ನಿಂತರು.

ಕೊನೆಯ ಜಿಪ್ಪು ತೆರೆಯಿತು. ಗೋಡೆಯಗಲದ ಪರದೆಯ ಮೇಲೆ ತಮ್ಮದೇ ಮುಖ, ತಮ್ಮದೇ ಅಳು. ಮುಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ದೀಪ ಹತ್ತಿದಾಗ ತಾತ ಮುಂದೆ ಬಂದಿದ್ದರು.

"ಅದು ಸುಳ್ಳು" ಎಂದರು. "ನನ್ನ ಮಗ ನಂಗೆ ಊಟ ಹಾಕ್ತಾನೆ. ದಿನಾ ಹಾಕ್ತಾನೆ. ಸುಳ್ಳು ಹೇಳಿದ್ದು ನಾನು."

ವೇದಿಕೆಯ ಮೇಲೆ ಗುಂಗುರು ತನ್ನ ಬೂಟುಗಳನ್ನು ನೋಡುತ್ತ ನಿಂತ. ಅವನು ಹೂಂ ಎಂದಿದ್ದರೆ ಸಾಕಿತ್ತು. ಅಷ್ಟರಲ್ಲಿ ಮೇಷ್ಟ್ರು ಮೈಕ್ ಎತ್ತಿಕೊಂಡರು. "ನೋಡಿ, ಇದೇ ತಂದೆಯ ಹೃದಯ. ತುತ್ತು ಊಟ ಹಾಕದ ಮಗನನ್ನೂ ನಾಲ್ಕು ಜನರ ಮುಂದೆ ಬಿಟ್ಟುಕೊಡೋದಿಲ್ಲ." ಒಬ್ಬ ಚಪ್ಪಾಳೆ ತಟ್ಟಿದ. ಆಮೇಲೆ ಸಭೆಗೆ ಸಭೆಯೇ ಎದ್ದು ನಿಂತು ತಟ್ಟಿತು. ಓದಿದವರ ಚಪ್ಪಾಳೆ, ನಿಲ್ಲಲೇ ಇಲ್ಲ.

ಅದನ್ನು ನೆನೆದಾಗ ತಾತನ ಕಿವಿ ಈಗಲೂ ಕೆಂಪಾಗುತ್ತದೆ. ಮಗನಿಗೆ ಆ ದಿನದ ಸುದ್ದಿ ಹೇಳಿಲ್ಲ. ಹೇಳಿ ಏನು ಪ್ರಯೋಜನ, ಸರಿ ಮಾಡಲು ಹೋಗಿ ಇನ್ನೂ ಕೆಡಿಸಿ ಬಂದೆ ಎನ್ನುತ್ತಾರೆ. ಈ ಬರಹಕ್ಕೆ ಫೋಟೋ ಬೇಡವೆಂದರು, ಅದಕ್ಕೇ ಇಲ್ಲ. ಅವರಿಗೀಗ ಇರುವ ಆಸೆ ಒಂದೇ: "ಅವನು ಒಂದ್ಸಲ ಬಾಯ್ತುಂಬ ಬೈದುಬಿಡ್ಲಿ. ಮುದಿಗೂಬೆ ಅಂತಾನೇ ಬೈಲಿ. ಬೈಯೋಕಾದ್ರೂ ಅಪ್ಪ ಅನ್ಬೇಕಲ್ಲ."

ಆ ದಿನ ಚಪ್ಪಾಳೆಯ ನಡುವೆಯೇ ತಾತ ಹೊರಗೆ ಬಂದರು. ಮೆಟ್ಟಿಲ ಬಳಿ ಒಬ್ಬಳು ಹುಡುಗಿ ಓಡಿಬಂದು ದಾರಿಗಡ್ಡ ನಿಂತಳು. ಕೊನೆಯ ವರ್ಷದವಳು, ಕುತ್ತಿಗೆಯಲ್ಲಿ ಕ್ಯಾಮೆರಾ. ಏದುಸಿರು ಬಿಡುತ್ತಿದ್ದಳು.

"ತಾತ, ನಾನು ನಂಬ್ತೀನಿ. ನೀವು ಹೇಳಿದ್ದೇ ನಿಜ ಅಂತ ನಂಗೆ ಗೊತ್ತಾಯ್ತು."

ಇಡೀ ಕಟ್ಟಡದಲ್ಲಿ ಅಷ್ಟು ಹೇಳಿದವಳು ಅವಳೊಬ್ಬಳೇ. ತಾತನ ಕಣ್ಣು ತುಂಬಿಕೊಂಡಿತು.

"ನನ್ನ ಥೀಸಿಸ್ ಇದೇ ಮಾಡ್ತೀನಿ. ಎಲ್ಲರಿಗೂ ಸತ್ಯ ಗೊತ್ತಾಗ್ಲಿ. ನಿಮ್ಮ ಮಗನ್ನೂ ಕರ್ಕೊಂಡು ಬನ್ನಿ ತಾತ, ಇಬ್ಬರೂ ಎದುರುಬದುರು ಕೂತ್ಕೊಳ್ಳಿ, ನೀವು ಅವರ ಹತ್ರ ಕ್ಷಮೆ ಕೇಳಿ. ಲೈಟು ಗೀಟು ಎಲ್ಲ ನಾನು ನೋಡ್ಕೋತೀನಿ. ಬರ್ತಾರಲ್ವಾ ಅವರು?"

ತಾತ ಅವಳ ಮುಖವನ್ನು ನೋಡಿದರು. ಅವಳ ಕಣ್ಣಲ್ಲಿ ಮೋಸ ಇರಲಿಲ್ಲ. ಮೆಟ್ಟಿಲ ಪಕ್ಕದ ಕಂಬಿಯ ಮೇಲೆ ಕೈಯಿಟ್ಟು, ಅವಳ ಪಕ್ಕದಿಂದ ಸರಿದು, ಒಂದೊಂದೇ ಮೆಟ್ಟಿಲು ಇಳಿದು ಹೊರಟುಹೋದರು.